ಗ್ಯಾಸ್ ಗೀಸರಿಗೆ ಯಾವ ಹೊಗೆಪೈಪು? ಗೋಡೆ ಕೊರೆಯುವ ಮೊದಲು ನೋಡಬೇಕಾದ ಹೋಲಿಕೆ

ಟ್ಯಾಂಕ್ ಇಲ್ಲದ ಗ್ಯಾಸ್ ಗೀಸರ್ ಕೊಳ್ಳುವಾಗ ಎಲ್ಲರೂ ಕೇಳುವುದು ನಿಮಿಷಕ್ಕೆ ಎಷ್ಟು ಲೀಟರ್ ಬಿಸಿನೀರು ಬರುತ್ತದೆ ಎಂದು. ಹೊಗೆಪೈಪಿನ ಮಾತು ಬರುವುದು ಗೀಸರ್ ಗೋಡೆಗೇರಿದ ಮೇಲೆ. ಆ ಹೊತ್ತಿಗೆ ಆಯ್ಕೆ ಕೈತಪ್ಪಿರುತ್ತದೆ. ಯಾವ ಗೀಸರಿಗೆ ಯಾವ ಪೈಪು, ಎಷ್ಟು ಅಗಲ, ಎಷ್ಟು ಉದ್ದದವರೆಗೆ, ಎಷ್ಟು ತಿರುವು ಎಂಬುದನ್ನೆಲ್ಲ ತಯಾರಕರು ಮೊದಲೇ ಗೊತ್ತುಮಾಡಿರುತ್ತಾರೆ. ಆ ಪೈಪು ಹಾಯಲು ಮನೆಯಲ್ಲಿ ದಾರಿ ಇಲ್ಲವೆಂದರೆ ಒಳ್ಳೆಯ ಗೀಸರೂ ಕೆಟ್ಟ ಆಯ್ಕೆಯೇ. ಆದ್ದರಿಂದ ಮೊದಲು ಟೇಪು ಹಿಡಿದು ಹೊಗೆಯ ದಾರಿ ಅಳೆಯಿರಿ, ಆಮೇಲೆ ಗೀಸರ್ ಆರಿಸಿ.

## ಪೈಪಿನೊಳಗೆ ಹೋಗುವುದೇನು

ಗ್ಯಾಸ್ ಚೆನ್ನಾಗಿ ಉರಿದಾಗ ಕಣ್ಣಿಗೆ ಕಾಣುವ ಹೊಗೆ ಇರುವುದಿಲ್ಲ. ಪೈಪಿನಲ್ಲಿ ಹೋಗುವುದು ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಾವಿ, ಒಂದಿಷ್ಟು ಕಾರ್ಬನ್ ಮೊನಾಕ್ಸೈಡ್. ನೀರಾವಿಯ ಲೆಕ್ಕ ನೋಡಿದರೆ ಅಚ್ಚರಿಯಾಗುತ್ತದೆ: 1 ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 1.6 ಕೆ.ಜಿ. ನೀರು ಹುಟ್ಟುತ್ತದೆ. ಹೊಗೆ ಸುಮಾರು 55 ಡಿಗ್ರಿಗಿಂತ ತಣ್ಣಗಾದರೆ ಆ ಆವಿ ಪೈಪಿನ ಗೋಡೆಯ ಮೇಲೆ ಹನಿಗಟ್ಟುತ್ತದೆ. ಆ ನೀರು ಹುಳಿ, ಅಂದರೆ ಆಮ್ಲೀಯ. ಪಿಎಚ್ 3ರಿಂದ 5ರ ನಡುವೆ ಇರುತ್ತದೆ. ಜಿ.ಐ. ತಗಡನ್ನು, ಸಿಮೆಂಟನ್ನು, ಬೀಡುಕಬ್ಬಿಣದ ಚರಂಡಿ ಪೈಪನ್ನು ಅದು ಮೆಲ್ಲಗೆ ತಿನ್ನುತ್ತದೆ.

ಪೈಪಿನ ಆಯ್ಕೆ ನಿಂತಿರುವುದು ಮೂರು ಪ್ರಶ್ನೆಗಳ ಮೇಲೆ. ಹೊಗೆ ಎಷ್ಟು ಬಿಸಿ? ಅದು ತಾನಾಗಿ ಮೇಲೇರುತ್ತದೆಯೋ, ಫ್ಯಾನು ನೂಕುತ್ತದೆಯೋ? ಉರಿಗೆ ಬೇಕಾದ ಗಾಳಿ ಕೋಣೆಯದೋ, ಹೊರಗಿನದೋ? ಈ ಮೂರಕ್ಕೂ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದಂತೆ.

## ಪೈಪೇ ಇಲ್ಲದ ಗೀಸರ್

ಇದನ್ನು ಹೋಲಿಕೆಗೆ ಸೇರಿಸಿರುವುದು ಬೇಡ ಎನ್ನಲಿಕ್ಕೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಸಣ್ಣ ಗೀಸರಿಗೂ ಸುಮಾರು 12 ಕಿಲೋವಾಟ್ ಉರಿ ಬೇಕು. ಅಷ್ಟು ಉರಿಗೆ ಗಂಟೆಗೆ ಹೆಚ್ಚುಕಮ್ಮಿ 12 ಘನ ಮೀಟರ್ ಗಾಳಿ ಹೋಗುತ್ತದೆ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, 2.4 ಮೀಟರ್ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ 7.2 ಘನ ಮೀಟರ್. ಬಾಗಿಲು ಕಿಟಕಿ ಮುಚ್ಚಿ ಕಾಲು ಗಂಟೆ ಸ್ನಾನ ಮಾಡಿದರೆ 3 ಘನ ಮೀಟರ್ ಗಾಳಿಯ ಆಮ್ಲಜನಕ ಖಾಲಿ. ಆಮ್ಲಜನಕ ತಗ್ಗುತ್ತಿದ್ದಂತೆ ಉರಿ ಕೆಡುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಸ್ನಾನದ ಕೋಣೆಯೊಳಗೆ, ಮಲಗುವ ಕೋಣೆಯೊಳಗೆ ಇಂಥ ಗೀಸರ್ ಇಡಲೇಬಾರದು.

## ತಾನಾಗಿ ಮೇಲೇರುವ ಹೊಗೆ

ಫ್ಯಾನಿಲ್ಲದ ಗೀಸರಿನಲ್ಲಿ ಬಿಸಿ ಹೊಗೆ ಹಗುರವಾಗಿ ತಾನೇ ಮೇಲೇರಬೇಕು. ಇದಕ್ಕೆ ನೇರವಾಗಿ ಮೇಲೆ ಹೋಗುವ ಪೈಪೇ ಜೀವ. ಗೀಸರಿನ ತಲೆಯಿಂದ ಹೊರಟ ತಕ್ಷಣ ಅಡ್ಡಕ್ಕೆ ತಿರುಗಿಸಿದರೆ ಸೆಳೆತ ಸಾಯುತ್ತದೆ. ಮೊದಲು ಸಾಧ್ಯವಾದಷ್ಟು ಎತ್ತರಕ್ಕೆ ನೇರ ಏರಿಸಿ, ಅಡ್ಡ ಹೋಗಲೇಬೇಕಾದರೆ ಆ ಭಾಗವನ್ನು ಚಿಕ್ಕದಾಗಿ, ಮುಂದಕ್ಕೆ ಏರುವಂತೆ ಇಟ್ಟು, ಕೊನೆಯನ್ನು ಸೂರಿನ ಮೇಲಕ್ಕೆ ಒಯ್ಯಬೇಕು. ಒಂಟಿ ತಗಡಿನ ಪೈಪಿಗಿಂತ ನಡುವೆ ಗಾಳಿಪದರವಿರುವ ಇಬ್ಬದಿ ಗೋಡೆಯ ಪೈಪು ಒಳ್ಳೆಯದು. ಹೊಗೆ ಬೇಗ ತಣಿಯುವುದಿಲ್ಲ, ಸೆಳೆತ ಉಳಿಯುತ್ತದೆ, ಪಕ್ಕದ ಮರಕ್ಕೂ ಕಾವು ತಟ್ಟುವುದಿಲ್ಲ.

ಇದರ ಲಾಭ ಒಂದೇ: ಬ್ಯಾಟರಿಯಿಂದ ಹೊತ್ತಿಕೊಳ್ಳುವ ಮಾದರಿಯಾದರೆ ಕರೆಂಟು ಹೋದರೂ ನಡೆಯುತ್ತದೆ. ದೌರ್ಬಲ್ಯ ದೊಡ್ಡದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಮನೆಯ ಗಾಳಿಯನ್ನು ಹೊರಗೆಳೆದರೆ, ಆ ಕೊರತೆ ತುಂಬಲು ಹೊರಗಿನ ಗಾಳಿ ಇದೇ ಹೊಗೆಪೈಪಿನಿಂದ ಕೆಳಗಿಳಿಯುತ್ತದೆ. ಹೊಗೆಯೂ ಅದರೊಂದಿಗೆ ಕೋಣೆಗೆ ಬರುತ್ತದೆ. ಪರೀಕ್ಷೆ ಸುಲಭ. ಎಲ್ಲ ಬಾಗಿಲು ಕಿಟಕಿ ಮುಚ್ಚಿ, ಎಲ್ಲ ಎಕ್ಸಾಸ್ಟ್ ಫ್ಯಾನು ಹಾಕಿ, ಗೀಸರ್ ಹೊತ್ತಿಸಿ ಐದು ನಿಮಿಷ ಬಿಡಿ. ಹೊಗೆಪೈಪು ಸೇರುವ ಬಾಯಿಯ ಬಳಿ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಅಲ್ಲೇ ತೂಗಾಡಿದರೆ ಅಥವಾ ನಿಮ್ಮ ಕಡೆಗೆ ಬಂದರೆ ಗೀಸರನ್ನು ನಂದಿಸಿ. ಪೈಪಿನ ಎತ್ತರವೋ ಕೋಣೆಗೆ ಗಾಳಿ ಬರುವ ದಾರಿಯೋ ಸರಿಹೋಗುವ ತನಕ ಮತ್ತೆ ಹಚ್ಚಬೇಡಿ.

## ಫ್ಯಾನು ನೂಕುವ ಹೊಗೆ, ಒಂಟಿ ಸ್ಟೀಲ್ ಪೈಪು

ಇಲ್ಲಿ ಫ್ಯಾನು ಹೊಗೆಯನ್ನು ನೂಕುವುದರಿಂದ ಪಕ್ಕದ ಹೊರಗೋಡೆಯಿಂದಲೇ ಹೊರಹಾಕಬಹುದು, ಸೂರಿನ ತನಕ ಹೋಗಬೇಕಿಲ್ಲ. ಆದರೆ ನೂಕುವ ಒತ್ತಡವಿದ್ದಲ್ಲಿ ಜೋಡಣೆಯ ಸಣ್ಣ ಸಂದಿನಿಂದಲೂ ಹೊಗೆ ಕೋಣೆಗೆ ಸೋರುತ್ತದೆ. ತಾನಾಗಿ ಏರುವ ಹೊಗೆಗೆಂದು ಮಾಡಿದ ಪೈಪಿನ ಜೋಡಣೆಗಳು ಒತ್ತಡ ತಡೆಯುವಂಥವಲ್ಲ. ಅದನ್ನು ತಂದು ಇಲ್ಲಿ ಸೇರಿಸುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಬೇಕಾದದ್ದು ರಬ್ಬರ್ ರಿಂಗು ಮತ್ತು ಲಾಕಿಂಗ್ ಪಟ್ಟಿ ಇರುವ, ಹುಳಿನೀರು ತಡೆಯುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪು. ಒಂದು ಕಂಪನಿಯ ಪೈಪಿಗೆ ಇನ್ನೊಂದು ಕಂಪನಿಯ ಎಲ್ಬೋ (ತಿರುವಿನ ತುಂಡು) ಕೂರಿಸಬೇಡಿ. ಅಳತೆ ಒಂದೇ ಆದರೂ ರಿಂಗು ಕೂರುವ ತೋಡೂ ಲಾಕೂ ಬೇರೆ. ಸಂದಿಗೆ ಸಿಲಿಕೋನ್ ಮೆತ್ತಿ ಸರಿಮಾಡಿದೆವು ಎನ್ನುವುದು ಉತ್ತರವಲ್ಲ.

ಮಾಮೂಲಿ, ಅಂದರೆ ಹೊಗೆಯ ಕಾವನ್ನೂ ಹಿಂಡಿಕೊಳ್ಳುವ ಕಂಡೆನ್ಸಿಂಗ್ ಬಗೆಯದಲ್ಲದ ಗೀಸರಿನ ಹೊಗೆ 150 ಡಿಗ್ರಿ ದಾಟುವುದು ಸಾಮಾನ್ಯ. ಪಿವಿಸಿ 60 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, 80ರ ಹೊತ್ತಿಗೆ ಮೆತ್ತಗಾಗುತ್ತದೆ. ಅಗ್ಗವೆಂದು ಪಿವಿಸಿ ಹಾಕಿದರೆ ಮೊದಲು ಎರಡು ಕ್ಲಾಂಪುಗಳ ನಡುವೆ ಪೈಪು ಜೋತುಬೀಳುತ್ತದೆ, ಆ ಹಳ್ಳದಲ್ಲಿ ನೀರು ನಿಲ್ಲುತ್ತದೆ, ಎಲ್ಬೋ ಬಳಿ ಪೈಪು ಕಂದು ತಿರುಗಿ, ಕೊನೆಗೆ ಜೋಡಣೆ ಬಾಯಿಬಿಡುತ್ತದೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಮಡಚುವ ಅಲ್ಯೂಮಿನಿಯಂ ಪೈಪಿಗೂ ಇಲ್ಲಿ ಜಾಗವಿಲ್ಲ.

ಗಾಳಿ ಕೋಣೆಯದೇ ಆದ್ದರಿಂದ ಗೀಸರ್ ಇರುವಲ್ಲಿಗೆ ಹೊರಗಿನ ಗಾಳಿ ಬರುವ ಕಿಂಡಿ ಶಾಶ್ವತವಾಗಿ ತೆರೆದಿರಬೇಕು, ಮುಚ್ಚಬಹುದಾದ ಕಿಟಕಿ ಸಾಲದು. ಬ್ಲೀಚ್, ಪೇಂಟ್, ಥಿನ್ನರ್ ಇಡುವ ಕೋಣೆಯಾದರೆ ಈ ಬಗೆಯನ್ನು ಬಿಟ್ಟುಬಿಡಿ. ಕ್ಲೋರಿನ್ ಇರುವ ಆವಿ ಉರಿಯಲ್ಲಿ ಹಾಯ್ದರೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲೂ ಅದರ ಮುಂದೆ ಹೆಚ್ಚು ಕಾಲ ನಿಲ್ಲದು.

## ಪೈಪಿನೊಳಗೊಂದು ಪೈಪು

ಒಳಪೈಪಿನಲ್ಲಿ ಹೊಗೆ ಹೊರಗೆ, ಅದನ್ನು ಸುತ್ತಿದ ಹೊರಪೈಪಿನಲ್ಲಿ ತಾಜಾ ಗಾಳಿ ಒಳಗೆ. ಗೀಸರಿನ ಉರಿಗೂ ಕೋಣೆಯ ಗಾಳಿಗೂ ಸಂಬಂಧವೇ ಇರುವುದಿಲ್ಲ. ಗೋಡೆಯಲ್ಲಿ ಒಂದೇ ತೂತು ಸಾಕು. ಒಳಬರುವ ಗಾಳಿ ಹೊಗೆಯ ಕಾವು ಹೀರಿ ಬೆಚ್ಚಗಾಗುತ್ತದೆ, ಹೊರಪೈಪು ಕೈ ಸುಡುವಷ್ಟು ಕಾಯುವುದಿಲ್ಲ. ಸಾಮಾನ್ಯ ಅಳತೆ ಒಳಗೆ 60, ಹೊರಗೆ 100 ಮಿ.ಮೀ.; ದಾರಿ ಉದ್ದವಾದರೆ 80 ಮತ್ತು 125. ಗೀಸರನ್ನು ಹೊರಗೋಡೆಗೇ ತೂಗುಹಾಕುವಂತಿದ್ದರೆ, ಮಾಮೂಲಿ ಗೀಸರಿಗೆ ನಮ್ಮ ಮೊದಲ ಸಲಹೆ ಇದೇ.

ದೋಷವೂ ಇದೆ. ಎರಡು ಪೈಪಿನ ನಡುವಿನ ಸಂದು ಕಿರಿದಾದ್ದರಿಂದ ಒಂದೊಂದು ತಿರುವೂ ದುಬಾರಿ, ಒಟ್ಟು ಉದ್ದವೂ ಕಡಿಮೆ. ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಬೀಳದ ಸೋರಿಕೆ. ಪೈಪನ್ನು ಗಿಡ್ಡ ಮಾಡಲು ಕತ್ತರಿಸುವಾಗ ಒಳಪೈಪು ಹೊರಪೈಪಿಗಿಂತ ಎಷ್ಟು ಮುಂದೆ ಚಾಚಿರಬೇಕೆಂದು ಕೈಪಿಡಿ ಹೇಳಿರುತ್ತದೆ. ಎರಡನ್ನೂ ಒಟ್ಟಿಗೆ ಒಂದೇ ಏಟಿಗೆ ಕತ್ತರಿಸಿದರೆ ಹೊರಪೈಪು ಸೊಗಸಾಗಿ ಕೂರುತ್ತದೆ, ಒಳಪೈಪು ಮಾತ್ರ ರಬ್ಬರ್ ರಿಂಗನ್ನು ಮುಟ್ಟದೆ ಹತ್ತು ಮಿ.ಮೀ. ಹಿಂದೆಯೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಚೆಂದ. ಒಳಗೆ ಹೊಗೆಯು ತಾಜಾ ಗಾಳಿಯ ದಾರಿಗೆ ಸೋರಿ, ಗೀಸರ್ ತನ್ನ ಹೊಗೆಯನ್ನೇ ಮತ್ತೆ ಉಸಿರಾಡುತ್ತದೆ. ಉರಿ ಕೆಡುತ್ತದೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಹೊರಪೈಪಿಗೆ ಸ್ಕ್ರೂ ಹಾಕುವಾಗ ಉದ್ದ ಸ್ಕ್ರೂ ಹಾಕಿ ಒಳಪೈಪನ್ನು ಚುಚ್ಚಿದರೂ ಫಲ ಇದೇ.

ಪತ್ತೆಗೆ ಹೊಗೆಯಲ್ಲಿನ ಅನಿಲಗಳನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಜರ್ ಬೇಕು. ಗೀಸರನ್ನು ಪೂರ್ತಿ ಉರಿಯಲ್ಲಿ ನಡೆಸಿ, ಗಾಳಿ ಒಳಬರುವ ಪರೀಕ್ಷಾ ರಂಧ್ರದಲ್ಲಿ ಆಮ್ಲಜನಕ ಅಳೆಯಬೇಕು. ಬ್ರಿಟನ್ನಿನ ಮೆಕ್ಯಾನಿಕ್‌ಗಳು ಹಿಡಿಯುವ ಗಡಿ ಶೇ. 20.6, ಅದಕ್ಕಿಂತ ಕಡಿಮೆ ಬಂದರೆ ಹೊಗೆ ಬೆರೆಯುತ್ತಿದೆ ಎಂದೇ ಅರ್ಥ. ಕೆಲಸ ಮಾಡಿದವರ ಹತ್ತಿರ ಈ ಉಪಕರಣ ಇಲ್ಲದಿದ್ದರೆ, ಇರುವವರನ್ನು ಕರೆಸಿ.

## ಕಂಡೆನ್ಸಿಂಗ್ ಗೀಸರ್, ಪ್ಲಾಸ್ಟಿಕ್ ಪೈಪು

ಕಂಡೆನ್ಸಿಂಗ್ ಗೀಸರ್ ಹೊಗೆಯ ಕಾವನ್ನು ಹಿಂಡಿ ಹಿಂಡಿ ನೀರಿಗೆ ಕೊಡುತ್ತದೆ. ಮಾಮೂಲಿ ಗೀಸರಿನ ದಕ್ಷತೆ ಶೇ. 80ರಿಂದ 85ರ ಆಸುಪಾಸು, ಇದರದು 90ರ ಮೇಲೆ. ಹೊರಗೆ ಹೋಗುವ ಹೊಗೆ ಸುಮಾರು 60 ಡಿಗ್ರಿಯ ಆಸುಪಾಸಿಗೆ ಇಳಿದಿರುವುದರಿಂದ ಪ್ಲಾಸ್ಟಿಕ್ ಪೈಪು ನಡೆಯುತ್ತದೆ. ಆದರೆ ಕೈಗೆ ಸಿಕ್ಕ ಪ್ಲಾಸ್ಟಿಕ್ ಅಲ್ಲ.

ಪಿವಿಸಿ ಎಲ್ಲಕ್ಕಿಂತ ಅಗ್ಗ, ಅಂಟುಹಾಕಿ ಕೂಡಿಸುವುದು ಸುಲಭ, ಆದರೆ ಕಾವಿನ ಅಂಚಿನಲ್ಲೇ ಬದುಕುತ್ತಿರುತ್ತದೆ. ನೀರಿನ ಬಿಸಿಯನ್ನು ತುಂಬ ಮೇಲಕ್ಕೆ ಇಟ್ಟರೆ, ಅಥವಾ ಬಿಸಿನೀರು ಸುತ್ತುತ್ತಲೇ ಇರುವ ರೀಸರ್ಕ್ಯುಲೇಶನ್ ಲೈನ್ ಇದ್ದರೆ ಗೀಸರಿಗೆ ಬರುವ ನೀರೇ ಬಿಸಿಯಾಗಿರುತ್ತದೆ, ಹೊಗೆ ಅಷ್ಟು ತಣಿಯುವುದಿಲ್ಲ. ಅಂಥಲ್ಲಿ ಪಿವಿಸಿ ಬೇಡ. ಸಿಪಿವಿಸಿ ಸುಮಾರು 90 ಡಿಗ್ರಿವರೆಗೆ ತಡೆಯುತ್ತದೆ, ಅಂಟು ಬೇರೆ, ಅದಕ್ಕೆಂದೇ ಇರುವುದನ್ನು ಬಳಸಬೇಕು. ಪಾಲಿಪ್ರೊಪಿಲಿನ್ 110ರವರೆಗೂ ತಡೆಯುತ್ತದೆ. ಅಂಟಿಲ್ಲ, ರಬ್ಬರ್ ರಿಂಗಿನ ಮೇಲೆ ಒತ್ತಿ ಕೂರಿಸುವುದು, ಬೇಕೆಂದಾಗ ಬಿಚ್ಚಲೂ ಬಹುದು. ನಮ್ಮ ಒಲವು ಇದರ ಕಡೆಗೆ. ಒಳಪದರ ನೊರೆಯಂತಿರುವ ಹಗುರ ಪಿವಿಸಿ ಪೈಪು ಚರಂಡಿಗೆ ಸರಿ, ಹೊಗೆಗೆ ಅಲ್ಲ. ಕೆನಡಾದಲ್ಲಿ ಹೊಗೆಗೆ ಹಾಕುವ ಪ್ಲಾಸ್ಟಿಕ್ ಪೈಪು ಯುಎಲ್‌ಸಿ ಎಸ್636 ಎಂಬ ಮಾನಕಕ್ಕೆ ಒಳಪಟ್ಟಿರಲೇಬೇಕೆಂಬ ನಿಯಮವೇ ಇದೆ. ಇಂಥ ನಿಯಮವಿಲ್ಲದ ಕಡೆಯೂ ಹೊಗೆಗೆಂದೇ ಪರೀಕ್ಷೆಯಾದ ಪೈಪನ್ನು ಕೇಳಿ ಪಡೆಯಿರಿ.

ಪ್ಲಾಸ್ಟಿಕ್ ಹಿಗ್ಗುವುದು ಹೆಚ್ಚು. 3 ಮೀಟರ್ ಪಾಲಿಪ್ರೊಪಿಲಿನ್ ಪೈಪು 40 ಡಿಗ್ರಿ ಕಾದರೆ ಸುಮಾರು 18 ಮಿ.ಮೀ. ಉದ್ದವಾಗುತ್ತದೆ. ಎಲ್ಲ ಕ್ಲಾಂಪನ್ನೂ ಬಿಗಿದುಬಿಟ್ಟರೆ ಪ್ರತಿ ಸ್ನಾನಕ್ಕೂ ಪೈಪು ಹಿಗ್ಗಿ ಕುಗ್ಗಿ, ಕೊನೆಗೊಂದು ದಿನ ರಿಂಗಿನಿಂದ ಕಳಚಿಕೊಳ್ಳುತ್ತದೆ. ಒಂದು ಕ್ಲಾಂಪು ಬಿಗಿ, ಉಳಿದವು ಪೈಪು ಜಾರುವಷ್ಟು ಸಡಿಲ. ಅಡ್ಡ ಓಟದಲ್ಲಿ ಮೀಟರಿಗೊಂದು ಕ್ಲಾಂಪು.

ಇನ್ನೊಂದು ಹೆಚ್ಚುವರಿ ಕೆಲಸ ಹುಳಿನೀರಿನ ವಿಲೇವಾರಿ. ಸಿಮೆಂಟ್ ಅಥವಾ ಬೀಡುಕಬ್ಬಿಣದ ಚರಂಡಿಗೆ ಬಿಡುವ ಮುನ್ನ ಸುಣ್ಣಕಲ್ಲಿನ ಚೂರು ತುಂಬಿದ ಡಬ್ಬಿಯ ಮೂಲಕ ಹಾಯಿಸಬೇಕು. ಚೂರು ಕರಗುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ತೆರೆದು ನೋಡಿ ತುಂಬಿಸಬೇಕು. ನೀರು ಇಳಿಯುವ ಟ್ರ್ಯಾಪನ್ನು, ಅಂದರೆ ನೀರು ನಿಂತು ಹೊಗೆ ತಡೆಯುವ ಬಾಗುಪೈಪನ್ನು, ಮೊದಲ ಸಲ ಗೀಸರ್ ಹಚ್ಚುವ ಮೊದಲೇ ನೀರು ಸುರಿದು ತುಂಬಿ. ಒಣಟ್ರ್ಯಾಪಿನ ಮೂಲಕ ಹೊಗೆ ನೇರ ಕೋಣೆಗೆ ಬರುತ್ತದೆ. ತಿಂಗಳುಗಟ್ಟಲೆ ಗೀಸರ್ ಬಳಸದಿದ್ದರೂ ಟ್ರ್ಯಾಪು ಒಣಗಿರಬಹುದು.

## ಗೀಸರನ್ನೇ ಹೊರಗಿಟ್ಟರೆ

ಹೊರಗೋಡೆಗೆ ಹಾಕಲೆಂದೇ ಮಾಡಿದ ಗೀಸರಿಗೆ ಪೈಪೇ ಬೇಡ. ಹೊಗೆ ಅದರ ಮುಖದಿಂದಲೇ ಹೊರಬೀಳುತ್ತದೆ. ನೀರು ಹೆಪ್ಪುಗಟ್ಟದ ಹವೆಯಲ್ಲಿ, ಹೊರಗೋಡೆ ತೆರೆದ ಕಡೆಗೆ ಇದ್ದರೆ ಇದಕ್ಕಿಂತ ಸರಳವಾದದ್ದಿಲ್ಲ. ಆದರೆ ಒಳಗಿಡುವ ಗೀಸರನ್ನು ಹೊರಗೆ ತೂಗುಹಾಕಿದರೆ ಮಳೆಯೂ ಗಾಳಿಯೂ ಅದನ್ನು ಉಳಿಸವು. ಹೊರಗಿನ ಗೀಸರನ್ನು ಬಾಲ್ಕನಿಯಲ್ಲಿಟ್ಟು, ಆಮೇಲೆ ಬಾಲ್ಕನಿಗೆ ಗಾಜು ಹಾಕಿಸಿದರೆ ಅದು ಪೈಪಿಲ್ಲದ ಗೀಸರ್ ಇರುವ ಮುಚ್ಚಿದ ಕೋಣೆಯಾಯಿತು. ಚಳಿದೇಶದಲ್ಲಿ ಒಳಗಿನ ನೀರು ಹೆಪ್ಪುಗಟ್ಟದಂತೆ ಕಾಯುವ ಹೀಟರು ಕರೆಂಟಿನ ಮೇಲೆ ನಿಂತಿರುತ್ತದೆ. ಕರೆಂಟು ಹೋದ ರಾತ್ರಿ ಕಾವಲಿಲ್ಲ.

## ಉದ್ದದ ಲೆಕ್ಕ

ಕೈಪಿಡಿಯಲ್ಲಿರುವ ಗರಿಷ್ಠ ಉದ್ದ ನೇರ ಪೈಪಿನದು. ಪ್ರತಿ ತಿರುವಿಗೂ ಅದರಿಂದ ಕಳೆಯಬೇಕು. 90 ಡಿಗ್ರಿ ಎಲ್ಬೋಗೆ ಒಂದೂವರೆಯಿಂದ ಎರಡು ಮೀಟರ್, 45 ಡಿಗ್ರಿಯದಕ್ಕೆ ಅದರ ಅರ್ಧ ಎನ್ನುವುದು ಹಲವು ಕೈಪಿಡಿಗಳ ಲೆಕ್ಕ. ಉದಾಹರಣೆಗೆ ಗರಿಷ್ಠ 8 ಮೀಟರ್, ಎಲ್ಬೋಗೆ 1.5 ಎಂದಿಟ್ಟುಕೊಳ್ಳಿ. ಮೇಲಕ್ಕೆ 1.2, ಅಡ್ಡಕ್ಕೆ 3, ಪಕ್ಕಕ್ಕೆ ತಿರುಗಿ 0.8 ಮೀಟರ್ ಹೋದರೆ ಪೈಪು 5 ಮೀಟರ್. ಎರಡು ಎಲ್ಬೋಗೆ 3. ಒಟ್ಟು ಸರಿಯಾಗಿ 8. ಒಂದು ತೊಲೆ ಅಡ್ಡ ಬಂದಿತೆಂದು ಕೆಲಸದ ನಡುವೆ ಇನ್ನೆರಡು ಎಲ್ಬೋ ಸೇರಿಸಿದರೆ 11 ಆಗುತ್ತದೆ, ಗೀಸರ್ ಎರರ್ ತೋರಿಸಿ ನಿಲ್ಲುತ್ತದೆ. ಹಲವು ಮಾದರಿಗಳಲ್ಲಿ ಪೈಪಿನ ಉದ್ದಕ್ಕೆ ತಕ್ಕಂತೆ ಫ್ಯಾನಿನ ವೇಗ ಹೊಂದಿಸುವ ಸಣ್ಣ ಸ್ವಿಚ್ಚುಗಳು ಸರ್ಕ್ಯೂಟ್ ಬೋರ್ಡಿನ ಮೇಲಿರುತ್ತವೆ. ಇವನ್ನು ಮುಟ್ಟದೆ ಬಿಟ್ಟದ್ದೇ ಎಷ್ಟೋ ದೂರುಗಳ ಮೂಲ.

ದಾರಿಯಲ್ಲಿ ಪೈಪಿನ ಅಗಲ ಎಲ್ಲೂ ಕಿರಿದಾಗಬಾರದು. ಬೇರೆ ಒಲೆಯ, ಬೇರೆ ಗೀಸರಿನ ಹೊಗೆಪೈಪಿಗೆ ಇದನ್ನು ಸೇರಿಸಲೂಬಾರದು. ಫ್ಯಾನು ನೂಕಿದ ಹೊಗೆ ಆರಿಹೋಗಿರುವ ಇನ್ನೊಂದು ಉಪಕರಣದ ಮೂಲಕ ಮನೆಯೊಳಗೆ ಬರುತ್ತದೆ. ಹಳೆಯ ಇಟ್ಟಿಗೆ ಚಿಮಣಿ ಇದ್ದರೆ ಅದರೊಳಗೆ ಹೊಸ ಪೈಪನ್ನು ತುದಿಯವರೆಗೂ ಇಳಿಸಬಹುದು, ಬರಿಯ ಚಿಮಣಿಗೆ ಹೊಗೆ ಬಿಡುವಂತಿಲ್ಲ.

## ವಾಟ ಯಾವ ಕಡೆಗೆ

ಎರಡು ಬಗೆಯ ಗೀಸರಿಗೆ ಎರಡು ದಿಕ್ಕು, ಇಲ್ಲೇ ಗೊಂದಲ. ಕಂಡೆನ್ಸಿಂಗ್ ಗೀಸರಿನ ಅಡ್ಡಪೈಪು ಗೀಸರಿನ ಕಡೆಗೆ ಇಳಿಯಬೇಕು, ಏಕೆಂದರೆ ನೀರು ಹಿಡಿಯುವ ವ್ಯವಸ್ಥೆ ಅದರೊಳಗೇ ಇದೆ. ವಾಟ ಮೀಟರಿಗೆ 20 ಮಿ.ಮೀ.; ಕೆಲವು ತಯಾರಕರು 3 ಡಿಗ್ರಿ, ಅಂದರೆ ಮೀಟರಿಗೆ 50 ಮಿ.ಮೀ. ಕೇಳುತ್ತಾರೆ. ಮಾಮೂಲಿ ಗೀಸರಿನ ಹೊಟ್ಟೆಗೆ ಹುಳಿನೀರು ಬರಬಾರದು. ಗೋಡೆ ದಾಟುವ ಚಿಕ್ಕ ಪೈಪಾದರೆ ಹೊರಗಿನ ಕಡೆಗೆ ವಾಟ; ಉದ್ದ ಪೈಪಾದರೆ ಗೀಸರಿನ ತಲೆಯ ಮೇಲೆಯೇ ನೀರು ಬಸಿಯುವ T ಆಕಾರದ ಜೋಡಣೆ ಹಾಕಿ ಅಲ್ಲಿಂದ ಕೆಳಗಿಳಿಸಬೇಕು. ನೀರು ಹಿಂದಕ್ಕೆ ಹರಿಯುವ ಪೈಪಿನಲ್ಲಿ ಸಾಕೆಟ್ಟಿನ ಬಾಯಿ ಗೀಸರಿನಿಂದ ಆಚೆಗೆ, ಮೇಲ್ಮುಖವಾಗಿರಬೇಕು. ಮೇಲಿನ ಪೈಪಿನ ತುದಿ ಕೆಳಗಿನದರೊಳಗೆ ಕೂತರೆ ಹನಿ ಒಳಗಿಂದಲೇ ಜಾರುತ್ತದೆ. ತಿರುಗಿಸಿ ಹಾಕಿದರೆ ಪ್ರತಿ ಜೋಡಣೆಯಲ್ಲೂ ತೊಟ್ಟಿಕ್ಕುತ್ತದೆ.

## ಹೊರಬಾಯಿ ಎಲ್ಲಿ

ಅಮೆರಿಕದ ಎನ್‌ಎಫ್‌ಪಿಎ 54 ಎಂಬ ಇಂಧನ ಗ್ಯಾಸ್ ಸಂಹಿತೆಯ ಅಂತರಗಳು ಬಗೆಬಗೆಯ ಪೈಪಿನ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ. ಕೋಣೆಯ ಗಾಳಿ ಬಳಸಿ ಫ್ಯಾನಿನಿಂದ ನೂಕುವ ಗೀಸರಿನ ಹೊರಬಾಯಿ ಕಿಟಕಿ ಬಾಗಿಲುಗಳಿಂದ ಕೆಳಕ್ಕೆ ಅಥವಾ ಪಕ್ಕಕ್ಕೆ 4 ಅಡಿ, ಮೇಲಾದರೆ 1 ಅಡಿ ದೂರವಿರಬೇಕು. ಹೊರಗಿನ ಗಾಳಿಯನ್ನೇ ಬಳಸುವ ಮುಚ್ಚಿದ ಉರಿಯ ಗೀಸರಿಗೆ, ಸುಮಾರು 15ರಿಂದ 44 ಕಿಲೋವಾಟ್‌ವರೆಗೆ, 1 ಅಡಿ ಸಾಕು. ಕಿಟಕಿಗಳು ಒತ್ತೊತ್ತಾಗಿರುವ ಗೋಡೆಯಲ್ಲಿ ಈ 3 ಅಡಿಯ ವ್ಯತ್ಯಾಸವೇ ಯಾವ ಗೀಸರ್ ಎಂದು ತೀರ್ಮಾನಿಸುತ್ತದೆ. ನಿಮ್ಮಲ್ಲಿ ಬೇರೆ ನಿಯಮವಿದ್ದರೆ ಅದು, ಕೈಪಿಡಿ ಇನ್ನೂ ಹೆಚ್ಚು ಕೇಳಿದರೆ ಅದು.

ಸಜ್ಜೆಯ ಅಡಿಯಲ್ಲಿ, ಗೋಡೆಯ ಒಳಮೂಲೆಯಲ್ಲಿ, ಎರಡು ಕಟ್ಟಡಗಳ ನಡುವಿನ ಇಕ್ಕಟ್ಟಿನಲ್ಲಿ ಹೊಗೆ ಸುತ್ತಿ ಮರಳಿ ಗಾಳಿಯ ಪೈಪಿಗೇ ಬರುತ್ತದೆ. ಹೊಗೆಗೊಂದು, ಗಾಳಿಗೊಂದು ಬೇರೆ ಪೈಪಿರುವ ವ್ಯವಸ್ಥೆಯಾದರೆ ಎರಡರ ಬಾಯಿಯೂ ಒಂದೇ ಗೋಡೆಯಲ್ಲಿರಲಿ. ಬೇರೆ ಬೇರೆ ಗೋಡೆಯಲ್ಲಿದ್ದರೆ ಗಾಳಿ ಬೀಸಿದಾಗ ಒತ್ತಡ ಏರುಪೇರಾಗಿ ಉರಿ ಆರುತ್ತದೆ. ಕಂಡೆನ್ಸಿಂಗ್ ಹೊಗೆ ಬಿಳಿ ಆವಿಯಾಗಿ ಕಾಣುತ್ತದೆ, ತಾಗಿದ ಗೋಡೆ ಒದ್ದೆಯಾಗುತ್ತದೆ. ನಡೆದಾಡುವ ದಾರಿಯ ಮೇಲೆ ಬೇಡ. ಕಡಜಗಳಿಗೆ ಗಾಳಿಯ ಪೈಪು ಗೂಡುಕಟ್ಟಲು ಹೇಳಿ ಮಾಡಿಸಿದ ಜಾಗ, ಆದರೆ ಸೊಳ್ಳೆಜಾಲರಿ ಕಟ್ಟಿದರೆ ಧೂಳು ಕೂತು ಉಸಿರೇ ನಿಲ್ಲುತ್ತದೆ. ತಯಾರಕರು ಕೊಡುವ ಜಾಲರಿಯೇ ಸರಿ.

## ಕೂಡಿಸಿ, ಹಚ್ಚಿ, ನೋಡಿ

ಪೈಪನ್ನು ನೇರ ಕತ್ತರಿಸಿ, ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯಿರಿ. ಅದು ರಿಂಗನ್ನು ಸೀಳುತ್ತದೆ. ರಿಂಗಿಗೆ ಸೋಪುನೀರು ಸವರಿ, ಗ್ರೀಸ್ ಅಥವಾ ಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಎಷ್ಟು ಒಳಹೋಗಬೇಕೆಂದು ಪೆನ್ನಿನಿಂದ ಗುರುತು ಹಾಕಿ, ಗುರುತು ಮುಚ್ಚುವ ತನಕ ತಿರುಗಿಸುತ್ತಾ ಒತ್ತಿ. ಪಿವಿಸಿಗೆ ಪ್ರೈಮರ್, ಆಮೇಲೆ ಅಂಟು, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಕೋಣೆಯೊಳಗಿನ ಪೈಪಿನ ಒಂದು ಜೋಡಣೆಯನ್ನೂ ಫಾಲ್ಸ್ ಸೀಲಿಂಗಿನೊಳಗೆ ಬಿಚ್ಚಿ ನೋಡಲಾಗದಂತೆ ಮುಚ್ಚಬೇಡಿ.

ಗೀಸರನ್ನು ಪೂರ್ತಿ ಉರಿಯಲ್ಲಿ ಹತ್ತು ನಿಮಿಷ ನಡೆಸಿ, ಪ್ರತಿ ಜೋಡಣೆಗೂ ಸೋಪುನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡಿ. ಹೊರಗೆ ಹೋಗಿ ಹೊರಬಾಯಿಯಿಂದ ಹೊಗೆ ನಿರಾತಂಕವಾಗಿ ದೂರ ಸರಿಯುತ್ತಿದೆಯೇ, ಗೋಡೆಗಂಟಿ ಮೇಲೇರಿ ಕಿಟಕಿಗೆ ನುಗ್ಗುತ್ತಿದೆಯೇ ಗಮನಿಸಿ. ಗೀಸರ್ ಇರುವಲ್ಲೊಂದು, ಮಲಗುವ ಕೋಣೆಯ ಹೊರಗೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂದೇ ಹಾಕಿಸಿ, ಅದರ ಟೆಸ್ಟ್ ಗುಂಡಿ ಒತ್ತಿ ಕೂಗುತ್ತದೆಯೇ ಕೇಳಿಸಿಕೊಂಡೇ ಮೆಕ್ಯಾನಿಕನನ್ನು ಕಳಿಸಿ.